ಕಲ್ಲುಗಾಡಿ ಲೈನಿನ ಜಾಡು ಹಿಡಿದು

ನಿವೃತ್ತಿಯ ದಿನ ಹಾಕಿದ ಹಾರ, ಹೊದಿಸಿದ ಶಾಲು, ಅವತ್ತಿನ ಭಾಷಣ, ಇದನ್ನೆಲ್ಲ ಬರೆಯಲು ನಾನು ಕೂತಿಲ್ಲ. ಆ ಶಾಲನ್ನು ನನ್ನ ಹೆಂಡತಿ ಆಗಲೇ ಇಸ್ತ್ರಿ ಮೇಜಿಗೆ ಹಾಸಿಯಾಗಿದೆ. ಮೊನ್ನೆ ಸರ್ವೆ ಇಲಾಖೆಗೆ ಹೊಸದಾಗಿ ಸೇರಿದವರಿಗೆ ಎರಡು ಮಾತು ಹೇಳಿ ಎಂದು ರಾಮನಗರಕ್ಕೆ ಕರೆದಿದ್ದರು. ಮೈಕು ಕಂಡರೆ ನನಗೆ ನಾಲಿಗೆ ಹೊರಳುವುದಿಲ್ಲ. ಏನೋ ಒದರಿ ಕೆಳಗಿಳಿದೆ. ವಾಪಸ್ಸು ಬರುವಾಗ ಬಸ್ಸಿನಲ್ಲಿ, ಹೇಳಬೇಕಾಗಿದ್ದ ಕತೆ ಪೂರ್ತಿ ನೆನಪಾಗಿ ನನ್ನ ಮೇಲೆ ನನಗೇ ಸಿಟ್ಟು ಬಂತು. ಅದನ್ನೇ ಈಗ ಬರೆಯುತ್ತಿದ್ದೇನೆ.

ನಾನು ಸೇರಿದ ಕಾಲಕ್ಕೆ ಹೆಗಲ ಮೇಲೆ ಅಳತೆಯ ಸರಪಳಿ, ಕೈಯಲ್ಲಿ ಗೂಟ. ರಾಗಿ ಕೊಯ್ದ ಹೊಲದಲ್ಲಿ ಆ ಸರಪಳಿ ಎಳೆದು ಎಳೆದು ಸಂಜೆಗೆ ಅಂಗೈ ಕೆಂಪಗಾಗಿರುತ್ತಿತ್ತು. ಸರಪಳಿ ಬಿಸಿಲಿಗೆ ಹಿಗ್ಗುತ್ತಿತ್ತು, ಎಳೆಯುವವನಿಗೆ ಹಸಿವಾದರೆ ಜೋಲುತ್ತಿತ್ತು. ಆಮೇಲೆ ಟೇಪು ಬಂತು, ಅದಾದ ಮೇಲೆ ಟೋಟಲ್ ಸ್ಟೇಷನ್ ಎಂಬ ಮೂರು ಕಾಲಿನ ಯಂತ್ರ ಬಂತು. ಒಂದು ಗುಂಡಿ ಒತ್ತಿದರೆ ದೂರ ಬರುತ್ತದೆ, ಕೋನ ಬರುತ್ತದೆ. ಹೊಸಬರು ಆ ಯಂತ್ರವನ್ನು ಕಣ್ಣಿಗೆ ಒತ್ತಿಕೊಳ್ಳುವುದೊಂದು ಬಾಕಿ. ಒತ್ತಿಕೊಳ್ಳಿ ಮಹಾರಾಯರೇ, ಬೇಡ ಅನ್ನುವುದಿಲ್ಲ. ಎಲ್ಲಿಂದ ಅಳತೆ ಶುರು ಮಾಡಬೇಕು ಎಂಬುದನ್ನು ಮಾತ್ರ ಅದು ಹೇಳುವುದಿಲ್ಲ.

ಕುದೂರಿನ ಹತ್ತಿರ ಒಮ್ಮೆ ಅಣ್ಣತಮ್ಮಂದಿರ ಹೊಲ ಅಳೆಯಲು ಹೋಗಿದ್ದೆ. ಎಲ್ಲೆಯ ಗುರುತಿಗೆ ಇಲಾಖೆ ನೆಡುವ ಬಾಂದು ಕಲ್ಲಿನಿಂದ ಅಳೆದೆ. ಎಷ್ಟು ಸಲ ಅಳೆದರೂ ಲೆಕ್ಕ ಕೂಡಲಿಲ್ಲ. ಅಣ್ಣತಮ್ಮಂದಿರು ಕೊರಳ ಪಟ್ಟಿ ಹಿಡಿದುಕೊಳ್ಳುವ ಹೊತ್ತಿಗೆ ಅವರ ತಾಯಿ ಬುತ್ತಿ ಹೊತ್ತು ಬಂದರು. "ಆ ಕಲ್ಲಾ? ಅಸಲೀದು ಬಟ್ಟೆ ಒಗೆಯಕ್ಕೆ ಚಂದಾಗಿತ್ತು ಅಂತ ನಾನೇ ಬಾವಿ ತಾವ್ಕೆ ತರಿಸ್ಕಂಡೆ. ಬದ್ಲಿಗೆ ಇದೊಂದ ನೆಡಿಸಿಲ್ವಾ?" ಅಂದರು. ಜಾಗ ನೋಡಿ ನೆಡಿಸಿದ್ದೀರಾ ಎಂದು ಕೇಳಿದರೆ, "ಒಸಿ ಆಚೀಚೆ ಆಗಿರ್ಬೋದು" ಎಂದು ಮುದ್ದೆ ಬಡಿಸತೊಡಗಿದರು. ಅಲ್ಲಿಂದ ಮುಂದೆ ಯಾವ ಕಲ್ಲನ್ನು ಕಂಡರೂ, ಇದು ಹುಟ್ಟಿದ ಜಾಗದಲ್ಲೇ ಇದೆಯೋ ನಡೆದುಕೊಂಡು ಬಂದಿದೆಯೋ ಎಂದು ಮೊದಲು ಅನುಮಾನ ಪಡುವುದು ನನಗೆ ಅಭ್ಯಾಸವಾಯಿತು. ಅಷ್ಟಿದ್ದೂ ಒಂದು ಕಲ್ಲು ನನ್ನನ್ನು ಆಟವಾಡಿಸಿತು.

ಎರಡು ಸಾವಿರದ ಇಸವಿ ದಾಟಿದ ಕಾಲ. ಬಿಡದಿಯ ಸುತ್ತ ಕಾರ್ಖಾನೆಗಳು ಏಳುತ್ತಿದ್ದವು. ಬೆಳಿಗ್ಗೆ ತಟ್ಟೆ ಇಡ್ಲಿ ಹೋಟೆಲಿಗೆ ಹೋದರೆ ಬೆಂಚಿನ ಮೇಲೆ ಜಾಗವಿಲ್ಲ. ಒಂದು ಕಡೆ ದಲ್ಲಾಳಿಗಳು, ಇನ್ನೊಂದು ಕಡೆ ಹೆಲ್ಮೆಟ್ ಹಾಕಿದ ಇಂಜಿನಿಯರುಗಳು, ನಡುವೆ ನಾವು ಸರ್ವೆಯವರು. ಬಿಡದಿಗೂ ರಾಮನಗರಕ್ಕೂ ನಡುವಿನ ಒಂದು ದೊಡ್ಡಿಯ ಪಕ್ಕ ಒಂದು ಕಂಪನಿಗೆ ಜಾಗ ಕೊಟ್ಟಿದ್ದರು. ನಮ್ಮ ಕಡೆ ಸಣ್ಣ ಊರಿಗೆ ದೊಡ್ಡಿ ಅನ್ನುತ್ತಾರೆ. ಇದರ ಹೆಸರು ಬೇಡ. ಆ ಕಂಪನಿಗೆ ರಸ್ತೆ ಬೇಕಾಗಿತ್ತು.

ಆ ದೊಡ್ಡಿಯ ಹತ್ತಿರ ಹಿಂದೊಮ್ಮೆ ಸಣ್ಣ ರೈಲು ಓಡುತ್ತಿತ್ತಂತೆ. ಬೆಟ್ಟದಲ್ಲಿ ಒಡೆದ ಕಲ್ಲನ್ನು ದೊಡ್ಡ ಲೈನಿನವರೆಗೆ ಸಾಗಿಸಲು ಹಾಕಿದ್ದ ಹಳಿ. ಜನ ಅದನ್ನು ಕಲ್ಲುಗಾಡಿ ಲೈನು ಅನ್ನುತ್ತಿದ್ದರು. ಕಲ್ಲಿನ ಕೆಲಸ ನಿಂತಾಗ ಲೈನು ಮುಚ್ಚಿ ಹಳಿ ಕಿತ್ತುಕೊಂಡು ಹೋದರು. ಹಳಿ ಹೋದರೂ ಅದು ಹಾದುಹೋಗಿದ್ದ ಪಟ್ಟಿ ನಮ್ಮ ನಕ್ಷೆಯಲ್ಲಿ ಸಾಗುವಳಿಗೆ ಸೇರದ ಸರ್ಕಾರದ ಖರಾಬು ಜಾಗವಾಗಿ ಉಳಿಯಿತು. ಈಗ ಅದನ್ನೇ ಕಂಪನಿಯ ರಸ್ತೆಗೆ ಬಿಡಿಸಿಕೊಡಬೇಕೆಂದು ಆದೇಶ ಬಂದಿತ್ತು. ನನ್ನ ಮೇಲಧಿಕಾರಿ, ನಾವೆಲ್ಲ ಸಾಹೇಬರು ಎನ್ನುತ್ತಿದ್ದವರು, ಫೈಲನ್ನು ನನ್ನ ಮುಂದೆ ತಳ್ಳಿದರು. ಮಾತು ಒರಟು, ಮನಸ್ಸು ಅಷ್ಟು ಕೆಟ್ಟದ್ದಲ್ಲ. "ಹೋಗಿ ಅಳೆದು ಗೂಟ ಹೊಡೆದು ಬನ್ರೀ. ಮುಂದಿನ ಸೋಮವಾರ ನಾನೇ ಬಂದು ಸಹಿ ಹಾಕ್ತೀನಿ" ಅಂದರು.

ಹೋಗಿ ಯಂತ್ರ ನಿಲ್ಲಿಸಿದೆ. ನಕ್ಷೆಯಲ್ಲಿ ಒಂದು ಗಡಿಕಲ್ಲಿನ ಗುರುತಿತ್ತು. ಕಲ್ಲೂ ಸಿಕ್ಕಿತು. ಊರಿನ ಅರಳಿಮರದ ಕೆಳಗೆ, ಎಡ ಭುಜ ಮುರಿದಿದ್ದರೂ ಮೈತುಂಬ ಎಣ್ಣೆ ಅರಿಶಿನ ಮೆತ್ತಿಕೊಂಡು, ತಲೆಯ ಮೇಲೆ ಹೂವಿಟ್ಟುಕೊಂಡು ಕೂತಿತ್ತು. ನಮ್ಮ ಕಡೆ ಕಲ್ಲಿಗೆ ಪೂಜೆ ಹೊಸದೇನಲ್ಲ. ಅಲ್ಲಿಂದ ಅಳೆದರೆ ಕಲ್ಲುಗಾಡಿ ಲೈನು ನೇರವಾಗಿ ಒಂದು ಸಾಲು ಮನೆಗಳ ಮೇಲೆ ಬಂತು. ಎರಡು ಸಲ ಅಳೆದೆ. ಅದೇ.

ಮೊದಲ ಮನೆಯಿಂದ ಹೆಂಗಸೊಬ್ಬರು ಕೈಯಲ್ಲಿ ಹಿಪ್ಪುನೇರಳೆ ಸೊಪ್ಪು ಕುಯ್ಯುವ ಕುಡುಗೋಲು ಹಿಡಿದೇ ಹೊರಗೆ ಬಂದರು. ಹೆಸರು ಜಯಮ್ಮ. ಗಂಡ ತೀರಿಕೊಂಡ ಮೇಲೆ ರೇಷ್ಮೆಹುಳ ಸಾಕಿ ಸಂಸಾರ ನಿಭಾಯಿಸುತ್ತಿದ್ದವರು. "ಏನ್ ಸಾ, ಈ ಮೂರ್ಕಾಲಿನ ಕಣ್ಣ ನಮ್ಮನೆ ಕಡೀಕೇ ಯಾಕ್ ತಿರುಗ್ಸಿದ್ದೀರಿ?" ಎಂದು ಕೇಳಿದರು.

ಮುಚ್ಚಿಡುವುದು ನನಗೆ ಬರುವುದಿಲ್ಲ. ಇದ್ದದ್ದನ್ನು ಹೇಳಿದೆ. ಮನೆ ಇರುವುದು ರೈಲು ಪಟ್ಟಿಯ ಮೇಲಾದರೆ ಅದು ಒತ್ತುವರಿ. ಪರಿಹಾರವೂ ಇಲ್ಲ, ಬದಲಿ ಸೈಟೂ ಇಲ್ಲ, ಎದ್ದು ಹೋಗಬೇಕು. ಪಟ್ಟಿ ಬೇರೆ ಕಡೆ ಇದ್ದರೆ ಯಾರೂ ಅವರ ತಂಟೆಗೆ ಬರುವಂತಿಲ್ಲ. ಜಯಮ್ಮ ಕುಡುಗೋಲನ್ನು ಜಗಲಿಯ ಮೇಲಿಟ್ಟರು. "ನಮ್ಮಾವ ಮಣ್ಣು ಹೊತ್ತು ಕಟ್ಟಿದ ಮನೆ ಸಾ ಇದು. ಹುಳ ಬ್ಯಾರೆ ನಾಕ್ನೇ ಜ್ವರಕ್ಕೆ ಕೂತವೆ. ನಾನ್ ಎಲ್ಲಿಗೋಗ್ಲಿ ಯೋಳಿ" ಅಂದರು. ಹುಳ ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ, ಆಗ ಅವುಗಳನ್ನು ಅಲುಗಿಸಬಾರದು. ನಾನು ಯಂತ್ರದ ಮುಖವನ್ನು ಬೇರೆ ಕಡೆಗೆ ತಿರುಗಿಸಿದೆ.

ಅಷ್ಟರಲ್ಲಿ ಆ ಕಲ್ಲಿನ ಪೂಜೆ ಮಾಡುವ ಹಿರಿಯ, ಬೋರಣ್ಣ, ಕೋಲೂರಿಕೊಂಡು ಬಂದ. "ರೈಲು ಇಲ್ಲೆಲ್ಲಿ ಓಡಿತ್ತು? ಬಂಡೆ ಹಿಂದ್ಗಡೆ ಓಡಿತ್ತು ಅಂತ ನಮ್ಮಪ್ಪ ಯೋಳೋನು" ಅಂದ. ಯಾವ ಬಂಡೆ ಎಂದರೆ ಬೆಟ್ಟದ ಕಡೆಗೆ ಕೈ ಬೀಸಿದ. ಅಲ್ಲಿ ನೋಡಿದರೆ ಬಂಡೆಯೋ ಬಂಡೆ! ರಾಮನಗರದ ಸೀಮೆಯಲ್ಲಿ ಬಂಡೆಯ ಗುರುತು ಹೇಳಿದರೆ ಯಾವುದನ್ನು ಹಿಡಿಯುವುದು? "ನೀನು ಕಣ್ಣಾರೆ ಕಂಡಿದ್ದೀಯಾ?" ಎಂದು ಕೇಳಿದೆ. "ನಾನ್ ಹುಟ್ಟೋ ಹೊತ್ಗೆ ಹಳಿ ಕಿತ್ತಾಗಿತ್ತು" ಎಂದು ಬಾಯಿ ಮುಚ್ಚಿಕೊಂಡ. ಇನ್ನೂ ಏನೋ ಹೇಳುವುದಿದ್ದು ನುಂಗಿಕೊಂಡಂತೆ ಕಂಡಿತು. ಯಾರೋ ಹೇಳಿದ್ದನ್ನು ಯಾರೋ ಕೇಳಿದ್ದು ನಮ್ಮ ಫೈಲಿನಲ್ಲಿ ನಿಲ್ಲುವುದಿಲ್ಲ. ಆದರೂ ನಾನು ಅವತ್ತು ಗೂಟ ಹೊಡೆಯಲಿಲ್ಲ.

ಆಫೀಸಿನ ರೆಕಾರ್ಡು ರೂಮಿನಲ್ಲಿ ಎರಡು ನಕ್ಷೆ ಹುಡುಕಿ ತೆಗೆದೆ. ಒಂದು, ಲೈನು ಹಾಕುವಾಗ ಬರೆದದ್ದು. ಇನ್ನೊಂದು, ಹಳಿ ಕಿತ್ತು ಎಷ್ಟೋ ವರ್ಷದ ಮೇಲೆ ನಮ್ಮ ಇಲಾಖೆಯ ಯಾರೋ ಪುಣ್ಯಾತ್ಮ ಮಾಡಿದ ಮರು ಅಳತೆ. ಇವತ್ತು ನಾವು ಬಳಸುತ್ತಿರುವುದು ಈ ಎರಡನೆಯದು. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದೆ. ಹಳೆಯದರಲ್ಲಿ ಲೈನು ಒಂದು ಕಡೆ ಮೆಲ್ಲಗೆ ಬಾಗುತ್ತದೆ, ಬಾಗುವಲ್ಲಿ ಆ ಗಡಿಕಲ್ಲು. ಹೊಸದರಲ್ಲಿ ಬಾಗೇ ಇಲ್ಲ. ದೊಡ್ಡ ಲೈನಿನಿಂದ ಕಲ್ಲಿನವರೆಗೆ ನೇರ ಗೆರೆ. ಅಂದರೆ ಆ ಪುಣ್ಯಾತ್ಮ ಹೋದಾಗ ಹಳಿ ಇರಲಿಲ್ಲ, ಮಿಕ್ಕ ಕಲ್ಲುಗಳನ್ನು ಜನ ಗೋಡೆಗೋ ಪಾಯಕ್ಕೋ ಎತ್ತಿಕೊಂಡಿದ್ದರು. ಉಳಿದಿದ್ದ ಒಂದೇ ಕಲ್ಲನ್ನು ನಂಬಿ ಗೆರೆ ಎಳೆದು ಮನೆಗೆ ಹೋಗಿದ್ದಾನೆ. ಕಲ್ಲು ಸರಿಯಿದ್ದರೆ ಬಾಗು ಯಾಕೆ ಕೂಡುತ್ತಿಲ್ಲ? ನನಗೆ ಕುದೂರಿನ ಆ ತಾಯಿಯ ನೆನಪಾಯಿತು.

ಸಾಹೇಬರಿಗೆ ಹೇಳಿದೆ. "ಏನ್ರೀ, ಬಾಗು ಡೊಂಕು ಅಂತ ತಲೆ ತಿಂತೀರಿ? ಕಲ್ಲು ಸರಿದಿದೆ ಅನ್ನೋದಕ್ಕೆ ಏನಾದ್ರೂ ತೋರಿಸಿ, ಇಲ್ಲ ಸೋಮವಾರ ಗೂಟ ಹೊಡೀರಿ" ಅಂದರು. ನ್ಯಾಯವಾದ ಮಾತೇ.

ಆಗ ನಾನು ಮಾಡಿದ್ದು ಹೋಟೆಲು ಸುತ್ತುವ ಕೆಲಸ. ನಗಬೇಡಿ, ಹಳೇ ಊರಿನ ಹಳೇ ಸಂಗತಿ ಕಡತಕ್ಕಿಂತ ಮೊದಲು ಚಹಾದಂಗಡಿಯಲ್ಲಿ ಸಿಗುತ್ತದೆ. ಮೂರನೇ ಅಂಗಡಿಯಲ್ಲಿ ಒಬ್ಬರು, ಬೆಟ್ಟದ ಕಲ್ಲು ಒಡೆಸುವ ಕಂತ್ರಾಟು ಹಿಡಿದಿದ್ದವರ ಮೊಮ್ಮಗ ರಾಮನಗರದಲ್ಲೇ ಇದ್ದಾರೆ, ರೇಷ್ಮೆ ನೂಲು ಬಿಚ್ಚುವ ಬಷೀರ್ ಸಾಬರು ಎಂದು ತಿಳಿಸಿದರು. ಹೋದೆ. ಒಳಗೆ ಗೂಡು ಬೇಯುವ ವಾಸನೆ, ರಾಟೆಗಳ ಸದ್ದು. ಬಷೀರ್ ಸಾಬರು ಕೈ ಒರೆಸಿಕೊಂಡು ಬಂದು ಪಡಸಾಲೆಗೆ ಕರೆದುಕೊಂಡು ಹೋದರು. ಗೋಡೆಯ ಮೇಲೆ ದೊಡ್ಡದೊಂದು ಫೋಟೋ ಇತ್ತು.

"ಇವ್ರೇ ಸಾಬ್ ನಮ್ ದಾದಾ. ಹಿಂದ್ಗಡೆ ನೋಡಿ, ಅದೇ ನಿಮ್ ಕಲ್ಲಿನ ಗಾಡಿ."

ಕೋಟು, ಟೊಪ್ಪಿ, ಕೈಯಲ್ಲಿ ಬೆತ್ತ ಹಿಡಿದ ಆ ಅಜ್ಜ, ಅವರ ದಾದಾ, ಗತ್ತಿನಲ್ಲಿ ನಿಂತಿದ್ದರು. ಅವರ ಹಿಂದೆ ಹಳಿಯ ಮೇಲೆ ಕಲ್ಲು ತುಂಬಿದ ಗಾಡಿ. ಗಾಡಿಯ ಆಚೆ ಒಂದು ಭಾರಿ ಬಂಡೆ, ಅದರ ತಲೆಯ ಮೇಲೆ ಇನ್ನೊಂದು ಗುಂಡು, ಕೆಳಗಿನ ಬಂಡೆಯಲ್ಲಿ ಮೇಲಿಂದ ಕೆಳಗೆ ಓರೆಯಾದ ಬಿರುಕು. ಬಂಡೆಯ ಬುಡದಲ್ಲಿ ಒಂದು ಗಡಿಕಲ್ಲು. ತಲೆ ಗುಂಡಗೆ, ಎಡ ಭುಜ ಮುರಿದದ್ದು. ಅರಳಿಮರದ ಕೆಳಗಿನ ದೇವರಿಗೂ ಎಡ ಭುಜ ಮುರಿದಿತ್ತು!

ಫೋಟೋ ಎರಡು ದಿನ ಕೊಡಿ ಎಂದು ಕೇಳಿದೆ. ಬಷೀರ್ ಸಾಬರು ಕಿವಿ ಹಿಡಿದುಕೊಂಡರು. "ಬೇರೆ ಏನಾದ್ರೂ ಕೇಳಿ ಸಾಬ್. ಇದನ್ನ ಗೋಡೆಯಿಂದ ಇಳಿಸಿದ್ರೆ ನಮ್ ಅಮ್ಮಾಜಾನ್ ಊಟ ಬಿಟ್ಬಿಡ್ತಾರೆ." ಕೊನೆಗೆ ಸ್ಟುಡಿಯೋದವನನ್ನೇ ಅವರ ಮನೆಗೆ ಕರೆಸಿ, ಗೋಡೆಯ ಮೇಲಿದ್ದ ಹಾಗೆಯೇ ಅದರ ಫೋಟೋ ತೆಗೆಸಿದೆ. ಅಮ್ಮಾಜಾನ್ ಪರದೆಯ ಹಿಂದಿನಿಂದಲೇ, ಗಾಜಿಗೆ ಬೆರಳು ತಾಗಿಸಬೇಡಿ ಎಂದು ಗದರುತ್ತಿದ್ದರು.

ಪ್ರತಿ ಹಿಡಿದು ದೊಡ್ಡಿಗೆ ಓಡಿದೆ. ಕಲ್ಲನ್ನು ತೊಳೆದು ನೋಡಬೇಕು, ರೈಲ್ವೆಯವರದಾದರೆ ಮೇಲೆ ಅಕ್ಷರ ಇರುತ್ತದೆ ಎಂದು ಬೋರಣ್ಣನಿಗೆ ಹೇಳಿದೆ. ಅವನು ಉರಿದುಬಿದ್ದ. "ನಮ್ಮಪ್ಪನ ಕಾಲ್ದಿಂದ ಪೂಜೆ ಮಾಡ್ಕಂಡು ಬಂದಿರೋ ದ್ಯಾವ್ರು. ಕೈ ಹಾಕಿದ್ರೆ ನೋಡಿ ಮತ್ತೆ!" ಕಲ್ಲಿಗೆ ಬೆನ್ನು ಕೊಟ್ಟು ಕೂತೇಬಿಟ್ಟ. ನಾನು ಸಮಾಧಾನ ಹೇಳಿದೆ, ಗದರಿದೆ, ಬೇಡಿಕೊಂಡೆ. ಊಹೂಂ.

ಜಯಮ್ಮ ಅವನ ಮುಂದೆ ಹೋಗಿ ಕುಕ್ಕರಗಾಲಲ್ಲಿ ಕೂತರು. "ಬೋರಣ್ಣ, ವರ್ಷಾ ವರ್ಷ ಮೊದಲ ಗೂಡು ಈ ದ್ಯಾವ್ರ ಮುಂದ್ಕೇ ಇಡ್ತೀನಿ. ಈಗ ಮನೆ ಹೋಯ್ತದೆ ಅಂತಾವ್ರೆ. ದ್ಯಾವ್ರಿಗೆ ಏನಾದ್ರೂ ಗೊತ್ತಿದ್ರೆ ಯೋಳ್ಲಿ ಅಂತ ಕೇಳ್ತಾವ್ನಿ. ನೀನ್ ಅಡ್ಡ ಕೂತ್ರೆ ಅದು ಎಂಗೆ ಯೋಳ್ತದೆ?"

ಬೋರಣ್ಣ ಕೋಲೂರಿ ಎದ್ದ. ಬೇರೆಯವರಿಗೆ ಮುಟ್ಟಲು ಬಿಡಲಿಲ್ಲ. ಮಿಂದು, ಮಡಿಯುಟ್ಟು, ಸೀಗೆಕಾಯಿ ಪುಡಿ ಹಾಕಿ, ತೆಂಗಿನ ನಾರಿನಿಂದ ತಾನೇ ಉಜ್ಜತೊಡಗಿದ. ಮಗುವಿಗೆ ಎಣ್ಣೆನೀರು ಹಾಕುವ ಹಾಗೆ ಮೆಲ್ಲಗೆ ಉಜ್ಜುತ್ತಿದ್ದ. ಅರಿಶಿನದ ನೀರು ಹರಿದು ಹರಿದು ಕೊನೆಗೆ ಬೂದು ಕಲ್ಲು ಕಂಡಿತು. ಅದರ ಎದೆಯ ಮೇಲೆ ಇಂಗ್ಲಿಷಿನ ಅಕ್ಷರಗಳು, ಕೆಳಗೊಂದು ಅಂಕಿ. ಹಳೆಯ ನಕ್ಷೆಯಲ್ಲಿ ಬಾಗಿನ ಹತ್ತಿರ ಬರೆದಿದ್ದ ಅದೇ ಅಂಕಿ.

"ನಂಗೊತ್ತಿತ್ತು ಸಾ" ಅಂದ ಬೋರಣ್ಣ, ತಲೆಯೆತ್ತದೆ. "ಕಲ್ಲು ತುಂಬಿದ ಗಾಡಿ ಒಂದಿನ ಕೊಂಡಿ ಕಳಚ್ಕಂಡು ಇಳಿಜಾರ್ನಾಗೆ ಬಂದ್ಬುಟ್ತಂತೆ. ಕೆಳಗೆ ಕೂಲಿಯೋರು ಉಣ್ತಾ ಕೂತಿದ್ರಂತೆ, ನಮ್ಮಪ್ಪಾನೂ ಇದ್ನಂತೆ. ಗಾಡಿ ಹಳಿ ತಪ್ಪಿ ಈ ಕಲ್ಲಿಗೆ ಬಡಿದು ನಿಂತ್ಕತ್ತಂತೆ. ಭುಜ ಮುರಿದಿದ್ದು ಆಗ್ಲೇ. ಹಳಿ ಕಿತ್ತ ಮ್ಯಾಲೆ ಕಾಡ್ನಾಗೆ ಒಂಟಿಯಾಗಿ ಬುಟ್ಟು ಬರಕ್ಕೆ ಮನಸ್ಸಾಗ್ದೆ ನಮ್ಮಪ್ಪ ಎತ್ತಿನ ಗಾಡೀಲಿ ಇಲ್ಲಿಗೆ ತಂದ."

"ಅವತ್ತೇ ಯಾಕೆ ಹೇಳ್ಲಿಲ್ಲ ಮಾರಾಯ?" ಎಂದು ನಾನು ಕೂಗಿಯೇಬಿಟ್ಟೆ.

"ರೈಲ್ನೋರ ಕಲ್ಲು ಅಂತ ಗೊತ್ತಾದ್ರೆ ಹೊತ್ಕಂಡೋಯ್ತಾರಲ್ಲ ಸಾ."

ನಾನು ನಗಲೋ ಅಳಲೋ! ಮರು ಅಳತೆಗೆ ಬಂದಿದ್ದ ಆ ಪುಣ್ಯಾತ್ಮನಿಗೂ ಇದೇ ಭಯಕ್ಕೆ ಊರಿನವರು ತುಟಿ ಬಿಚ್ಚಿರಲಿಲ್ಲ. ಅವನು ದೇವರನ್ನು ಗಡಿ ಎಂದು ನಂಬಿ ಇವರ ಮನೆಗಳ ಮೇಲೆ ರೈಲು ಓಡಿಸಿಬಿಟ್ಟಿದ್ದ. ಕಲ್ಲನ್ನು ಯಾರೂ ಒಯ್ಯುವುದಿಲ್ಲ, ಮುಚ್ಚಿಹೋದ ಲೈನಿನ ಕಲ್ಲು ಯಾರಿಗೂ ಬೇಡ ಎಂದು ಬೋರಣ್ಣನಿಗೆ ಮಾತು ಕೊಟ್ಟೆ. ಆತ ಮತ್ತೆ ಅರಿಶಿನ ಹಚ್ಚಲು ಕೂತ.

ಕಲ್ಲು ಸರಿದದ್ದು ತಿಳಿಯಿತು. ಎಲ್ಲಿಂದ ಸರಿದದ್ದು? ಅದಕ್ಕೆ ಫೋಟೋದಲ್ಲಿದ್ದ ಬಂಡೆ ಸಿಗಬೇಕು. ಹೊಸಬರು ಇದನ್ನು ಸ್ವಲ್ಪ ಗಮನವಿಟ್ಟು ಓದಿ. ಹಳೆಯ ಫೋಟೋದಲ್ಲಿ ಹತ್ತಿರದ ವಸ್ತುವನ್ನೊಂದೇ ಹುಡುಕುತ್ತ ಹೋದರೆ ಮೋಸ ಹೋಗುತ್ತೀರಿ. ಎರಡು ಬಂಡೆ ಒಂದೇ ಥರ ಇರಬಹುದು. ದೂರದಲ್ಲಿ ಏನಿದೆ, ಅದು ಹತ್ತಿರದ್ದರ ಯಾವ ಕಡೆಗೆ ಇಣುಕುತ್ತಿದೆ ಎಂದು ನೋಡಬೇಕು. ನಮ್ಮ ಫೋಟೋದಲ್ಲಿ ಬಂಡೆಯ ಬಲ ಅಂಚಿಗೆ ಸರಿಯಾಗಿ ದೂರದ ಬೆಟ್ಟದ ಒಂದು ತಗ್ಗು ಕಾಣುತ್ತಿತ್ತು. ಆ ತಗ್ಗು ಬಂಡೆಯ ಅಂಚಿಗೆ ಹಾಗೇ ತಾಗುವ ಜಾಗದಲ್ಲಿ ನಿಂತರೆ, ಫೋಟೋ ತೆಗೆದವನು ನಿಂತಿದ್ದ ಜಾಗದಲ್ಲಿ ನಿಂತ ಹಾಗೆ.

ಫೋಟೋವನ್ನು ಕಣ್ಣಿನ ಮುಂದೆ ಹಿಡಿದುಕೊಂಡು ಮುಳ್ಳಿನ ಪೊದೆಗಳಲ್ಲಿ ಅಲೆದೆ. ಅಂಗಿ ಹರಿಯಿತು, ಚಪ್ಪಲಿ ಕಿತ್ತಿತು. ಗುಂಡು ಹೊತ್ತ ಬಂಡೆ ಎಲ್ಲೂ ಇಲ್ಲ. ಕಲ್ಲು ಒಡೆಯುವವರು ಅದನ್ನು ಎಂದೋ ಜಲ್ಲಿ ಮಾಡಿ ಲಾರಿಗೆ ತುಂಬಿರಬೇಕು ಅನ್ನಿಸಿತು. ಸುಸ್ತಾಗಿ ಒಂದು ಬಂಡೆಯ ನೆರಳಲ್ಲಿ ಕೂತು ನೀರು ಕುಡಿದೆ. ಬೆನ್ನು ಒರಗಿಸಿದರೆ ಏನೋ ಕೊರೆಯಿತು. ತಿರುಗಿ ನೋಡಿದೆ. ಓರೆ ಬಿರುಕು! ಮೇಲಿನ ಗುಂಡನ್ನು ಒಡೆದು ಒಯ್ದಿದ್ದರು, ಕೆಳಗಿನ ಬಂಡೆಯನ್ನು ಬಿಟ್ಟಿದ್ದರು. ಎದ್ದು ಹಿಂದೆ ಹಿಂದೆ ಸರಿದೆ. ಬೆಟ್ಟದ ತಗ್ಗು ಮೆಲ್ಲಗೆ ಜರುಗಿ ಬಂಡೆಯ ಅಂಚಿಗೆ ಬಂದು ಕೂತಿತು. ಸುತ್ತ ಯಾರೂ ಇಲ್ಲದ್ದು ಒಳ್ಳೆಯದಾಯಿತು, ನಾನು ಕುಣಿದದ್ದನ್ನು ಯಾರೂ ನೋಡಲಿಲ್ಲ.

ಅಲ್ಲಿಗೂ ಜಯಮ್ಮನ ಮನೆಗೂ ನಡುವೆ ಒಂದು ಪೂರಾ ಬೀಳು ನೆಲವಿತ್ತು.

ಸೋಮವಾರ ಸಾಹೇಬರು ಬಂದರು, ಕಂಪನಿಯ ಇಂಜಿನಿಯರೂ ಬಂದ. ನಕ್ಷೆ ತೋರಿಸಿದೆ, ಫೋಟೋ ತೋರಿಸಿದೆ, ಬಂಡೆಯನ್ನೂ ತೋರಿಸಿದೆ. ಸಾಹೇಬರು ಗಡ್ಡ ಕೆರೆದುಕೊಂಡರು. "ಫೋಟೋ ನೋಡಿ ಸರ್ಕಾರದ ನಕ್ಷೆ ತಿದ್ದಿದೆ ಅಂತ ನಾಳೆ ನನ್ನನ್ನ ಕೇಳಿದ್ರೆ ಏನ್ ಹೇಳಲಿ? ಅಗೆಸಿ. ಹಳಿ ಹೋದ್ರೂ ಅದರ ಕೆಳಗೆ ಹಾಸಿದ ಜಲ್ಲಿ ಎಲ್ಲಿಗೆ ಹೋಗುತ್ತೆ?" ಅಂದರು.

ಫೋಟೋದಲ್ಲಿ ಗಾಡಿ ನಿಂತಿದ್ದ ಅಂದಾಜಿಗೆ ಗುರುತು ಹಾಕಿ ಅಗೆಸಿದೆ. ಕೆಂಪು ಮಣ್ಣು. ಇನ್ನೂ ಆಳ. ಕೆಂಪು ಮಣ್ಣೇ. ಇಂಜಿನಿಯರು ಗಡಿಯಾರ ನೋಡಿಕೊಂಡ. ಫೋಟೋವನ್ನು ಮತ್ತೆ ನೋಡಿದೆ. ದಾದಾ ನಿಂತಿದ್ದು ಹಳಿಗಿಂತ ಈಚೆ, ನಾನು ಅಗೆಸಿದ್ದು ಅವರ ಕಾಲ ಕೆಳಗೆ! ಬಂಡೆಯ ಕಡೆಗೆ ನಾಲ್ಕು ಹೆಜ್ಜೆ ಸರಿದು ಇನ್ನೊಂದು ಗುಂಡಿ ತೆಗೆಸಿದೆ. ಮೊಣಕಾಲುದ್ದ ಹೋಗಿರಲಿಲ್ಲ, ಗುದ್ದಲಿ ಖಣಖಣ ಎಂದಿತು. ಒಂದೇ ಅಳತೆಗೆ ಒಡೆದ ಜಲ್ಲಿ, ಹಾಸಿಗೆಯ ಹಾಗೆ ಎರಡೂ ಕಡೆ ಸಾಗಿತ್ತು. ಅದರ ನಡುವೆ ತುಕ್ಕು ಹಿಡಿದ ದಪ್ಪ ರೈಲು ಮೊಳೆ. ಸಾಹೇಬರು ಪ್ಯಾಂಟು ಮಡಿಸಿ ತಾವೇ ಗುಂಡಿಗೆ ಇಳಿದರು. ಮೊಳೆಯನ್ನು ಕೈಯಲ್ಲಿ ತೂಗಿ ನೋಡಿ, "ಬರ್ಕೊಳ್ರೀ, ಸಹಿ ಹಾಕ್ತೀನಿ" ಅಂದರು. ಇಂಜಿನಿಯರಿಗೂ ಬೇಸರವಾಗಲಿಲ್ಲ. ಮನೆ ಒಡೆಸುವ ರಗಳೆ ಇಲ್ಲದೆ ಬೀಳಿನಲ್ಲಿ ರಸ್ತೆ ಸಿಕ್ಕರೆ ಯಾರಿಗೆ ಬೇಡ? ನನ್ನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಇಷ್ಟು ವರ್ಷದ ನೌಕರಿಯಲ್ಲಿ ಅಷ್ಟು ಹಗುರವಾಗಿ ನಾನು ಯಾವತ್ತೂ ಉಸಿರು ಬಿಟ್ಟಿಲ್ಲ.

ಜಯಮ್ಮ ಗುಂಡಿಯ ಹತ್ತಿರ ಬಂದಿರಲಿಲ್ಲ. ಹುಳ ಹಣ್ಣಾಗಿದ್ದವು, ಗೂಡು ಕಟ್ಟಲು ಅವುಗಳನ್ನು ಬಿದಿರಿನ ಚಂದ್ರಿಕೆಗೆ ಬಿಡದೆ ವಿಧಿಯಿರಲಿಲ್ಲ. ನಾನು ಬಾಗಿಲಲ್ಲಿ ನಿಂತರೂ ತಿರುಗಿ ನೋಡಲಿಲ್ಲ.

"ಯೋಳ್ಬುಡಿ ಸಾ" ಅಂದರು.

"ಲೈನು ಬಂಡೆ ಹತ್ರವೇ ಹೋಗಿತ್ತು ಕಣಮ್ಮ. ನಿಮ್ಮ ಮನೆ ನಿಮ್ಮದೇ."

"ಇನ್ನೊಂದ್ ಸಲ ಯೋಳಿ."

ಹೇಳಿದೆ.

"ಸಾಯೇಬ್ರು ಒಪ್ಕಂಡ್ರಾ?"

"ಸಹಿ ಹಾಕಿಬಿಟ್ರು."

ಅವರ ಅಂಗೈಯಲ್ಲಿ ಇನ್ನೂ ನಾಲ್ಕಾರು ಹುಳ ಇದ್ದವು. ಕಣ್ಣೀರು ಒರೆಸಿಕೊಳ್ಳಲು ಕೈ ಬಿಡುವಿಲ್ಲದೆ ಹಾಗೇ ಅತ್ತರು. ಆ ಹುಳಗಳನ್ನೂ ಚಂದ್ರಿಕೆಗೆ ಬಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು, "ಕೂತ್ಕಳಿ ಸಾ, ಕಾಪಿ ಕುಡ್ಕಂಡೋಗಿ" ಎಂದು ಒಳಗೆ ಹೋದರು. ನಾನೂ ಒಳಗೆ ಕಾಲಿಟ್ಟೆ. ಗೋಡೆಗೂಡಿನಲ್ಲಿ ಒಂದು ಪಾತ್ರೆ ಇಲ್ಲ, ಗೋಡೆಯ ಮೇಲೆ ದೇವರ ಪಟವಿಲ್ಲ. ಎಲ್ಲವೂ ಮೂಟೆ ಕಟ್ಟಿ ಗೋಡೆಗೆ ಒರಗಿಸಿಟ್ಟಿತ್ತು. ಹುಳದ ತಟ್ಟೆಗಳನ್ನು ಬಿಟ್ಟರೆ ಆ ಮನೆಯಲ್ಲಿ ಕಟ್ಟದೆ ಉಳಿದದ್ದು ಏನೂ ಇರಲಿಲ್ಲ.

"ಲೋಟ ಯಾವ್ ಮೂಟೆಗೆ ತುಂಬಿದ್ನೋ ನಾ ಕಾಣೆ ಕಣ್ ಸಾ" ಎಂದು ಮೊದಲನೆಯದನ್ನು ಬಿಚ್ಚಿದರು. ಸೀರೆಗಳು. ಎರಡನೆಯದನ್ನು ಬಿಚ್ಚಿದರು. ರಾಗಿ, ಒನಕೆ, ದೇವರ ಪಟ. ಅಳುವೂ ನಗುವೂ ಒಟ್ಟಿಗೆ ಬಂದು, ಮೂರನೆಯದರ ಗಂಟು ಕಿತ್ತು ಹಾಗೇ ನೆಲಕ್ಕೆ ಸುರಿದುಬಿಟ್ಟರು. ತಪ್ಪಲೆ, ತಂಬಿಗೆ, ತಟ್ಟೆಗಳೆಲ್ಲ ಧಡಧಡ ಉರುಳಿದವು. ಆ ಸದ್ದಿಗೆ ಪಕ್ಕದ ಮನೆಯಾಕೆ ಬಾಗಿಲಿಗೆ ಬಂದಳು, ನೆಲದ ಮೇಲೆ ಬಿದ್ದಿದ್ದ ಪಾತ್ರೆ ನೋಡಿದಳು, ಜಯಮ್ಮನ ಮುಖ ನೋಡಿದಳು, ಒಂದು ಮಾತೂ ಕೇಳದೆ ತನ್ನ ಮನೆಗೆ ಓಡಿದಳು. ನನ್ನ ಕೈಗೆ ಕಾಫಿ ಬರುವ ಹೊತ್ತಿಗೆ ಆ ಸಾಲಿನ ಅಷ್ಟೂ ಮನೆಗಳಿಂದ ಪಾತ್ರೆ ಸುರಿಯುವ ಸದ್ದು ಕೇಳಿಸುತ್ತಿತ್ತು.